ಬ್ರಾಯ್ಲರ್ ಮರಿಗೆ ಎಷ್ಟು ಶಾಖ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಕೋಳಿ ಶೆಡ್ ಹಾಕಿದವರು ಫೋನ್ ಮಾಡಿ ಕೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ಹತ್ತು ದಿನದ ಪ್ರಶ್ನೆಗಳೇ. ಮರಿ ಯಾಕೆ ಕೂಗ್ತಿವೆ, ಯಾಕೆ ಒಂದೇ ಕಡೆ ಹೋಗಿ ಕೂತಿವೆ, ಬಲ್ಬ್ ಎಷ್ಟು ಹಾಕಲಿ. ಒಬ್ಬೊಬ್ಬರಿಗೂ ಅದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಮ್ಮದು ತುಮಕೂರು ಕಡೆಯ ತೆರೆದ ಶೆಡ್. ಎರಡೂ ಬದಿ ಜಾಲರಿ, ಅದಕ್ಕೆ ಪರದೆ. ಇ.ಸಿ. ಶೆಡ್ (ಶಾಖ, ಗಾಳಿ ಯಂತ್ರದಿಂದಲೇ ನಡೆಯುವ ಮುಚ್ಚಿದ ಶೆಡ್) ಇರುವವರಿಗೆ ಅರ್ಧ ಕೆಲಸ ಯಂತ್ರವೇ ಮಾಡುತ್ತದೆ. ಆದರೆ ಒಳಗಿರುವ ಮರಿ ಎರಡೂ ಕಡೆ ಒಂದೇ ತರಹದ್ದು.

ಮರಿಗೆ ಹೊರಗಿನಿಂದ ಯಾಕೆ ಶಾಖ ಕೊಡಬೇಕು? ಮೈಮೇಲೆ ತುಪ್ಪಳ ಇದೆಯಲ್ಲ?

ಇದೆ, ಆದರೆ ಅದು ಬರೀ ನೂಲಿನಂಥ ತುಪ್ಪಳ. ದೊಡ್ಡ ಕೋಳಿಯ ಗರಿಯ ಹಾಗೆ ಶಾಖ ಹಿಡಿದಿಡುವುದಿಲ್ಲ. ಒಂದು ದಿನದ ಮರಿ ಸುಮಾರು 40 ಗ್ರಾಂ ತೂಗುತ್ತದೆ. ಇಷ್ಟು ಚಿಕ್ಕ ಮೈಯಿಂದ ಶಾಖ ಬೇಗ ಹೊರಟುಹೋಗುತ್ತದೆ. ಅದರ ಮೈಶಾಖ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಬೇಕು. ಅಷ್ಟನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಮೊದಲ ನಾಲ್ಕೈದು ದಿನ ಇರುವುದೇ ಇಲ್ಲ ಅನ್ನಬಹುದು. ಸುತ್ತಲಿನ ಗಾಳಿ ತಣ್ಣಗಾದರೆ ಮರಿಯ ಮೈಯೂ ತಣ್ಣಗಾಗುತ್ತದೆ. ಎರಡು ವಾರ ಆಗುವ ಹೊತ್ತಿಗೆ ಈ ಶಕ್ತಿ ಬರುತ್ತದೆ.

ನಾಟಿ ಕೋಳಿ ಮರಿ ಹೇಗೆ ಬದುಕುತ್ತದೆ ಅಂತ ಕೇಳುವವರಿದ್ದಾರೆ. ಅದಕ್ಕೆ ತಾಯಿ ಇದೆ ಸ್ವಾಮಿ. ಚಳಿ ಆದಾಗ ರೆಕ್ಕೆಯ ಕೆಳಗೆ ನುಗ್ಗುತ್ತದೆ, ಬೆಚ್ಚಗಾದ ಮೇಲೆ ಹೊರಗೆ ಬರುತ್ತದೆ. ನಮ್ಮ ಶೆಡ್ಡಿನಲ್ಲಿ ಆ ತಾಯಿಯ ಕೆಲಸ ಬಲ್ಬೋ ಗ್ಯಾಸೋ ಇದ್ದಿಲೋ ಉರಿಸಿ ಶಾಖ ಕೊಡುವ ಬ್ರೂಡರ್‌ನದ್ದು.

ಸರಿ, ಎಷ್ಟು ಡಿಗ್ರಿ?

ಮೊದಲು ಒಂದು ಗೊಂದಲ ಬಿಡಿಸೋಣ. ಸೂಪರ್‌ವೈಸರ್ "95 ಇಡಿ" ಅಂದರೆ ಅದು ಫ್ಯಾರನ್‌ಹೀಟ್. ಡಿಜಿಟಲ್ ಮೀಟರ್‌ನಲ್ಲಿ 35 ಅಂತ ಕಂಡರೆ ಅದು ಸೆಲ್ಸಿಯಸ್. ಎರಡೂ ಒಂದೇ.

ಹಳೇ ಲೆಕ್ಕ ಹೀಗಿದೆ. ಮೊದಲ ವಾರ ಬ್ರೂಡರ್ ಕೆಳಗೆ 95 ಫ್ಯಾರನ್‌ಹೀಟ್. ಆಮೇಲೆ ವಾರಕ್ಕೆ 5 ಇಳಿಸುತ್ತಾ ಹೋಗುವುದು: 90, 85, 80. ಈ ಲೆಕ್ಕ ಈಗಲೂ ನಡೆಯುತ್ತದೆ. ಆದರೆ ಭಾನುವಾರ 95, ಸೋಮವಾರ 90 ಅಂತ ಒಂದೇ ಸಲ ಇಳಿಸಬೇಡಿ. ದಿನಕ್ಕೆ ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಸಿದರೆ ಮರಿಗೆ ಗೊತ್ತೇ ಆಗುವುದಿಲ್ಲ. ಈಗಿನ ಬ್ರಾಯ್ಲರ್ ಬೇಗ ಬೆಳೆಯುವ ಜಾತಿ. ಮೂರನೇ ವಾರಕ್ಕೆ ನಮ್ಮ ಕಡೆ ಹಗಲಲ್ಲಿ ಬ್ರೂಡರ್ ಬೇಕೇ ಆಗುವುದಿಲ್ಲ.

ಗಾರ್ಡ್ (ಮರಿ ದೂರ ಹೋಗದ ಹಾಗೆ ಬ್ರೂಡರ್ ಸುತ್ತ ದುಂಡಗೆ ನಿಲ್ಲಿಸುವ ತಡೆ) ಒಳಗೆ ಎಲ್ಲಾ ಕಡೆ 35 ಇರಬೇಕು ಅಂತಲೂ ಇಲ್ಲ. ಬ್ರೂಡರ್ ಕೆಳಗೆ ಜಾಸ್ತಿ, ಅಂಚಿನ ಕಡೆ ಕಮ್ಮಿ ಇರಲಿ. ಎಲ್ಲಿ ಹಿತ ಅನ್ನುವುದನ್ನು ಮರಿಯೇ ಆರಿಸಿಕೊಳ್ಳುತ್ತದೆ.

ಥರ್ಮಾಮೀಟರ್ ಎಲ್ಲಿ ಕಟ್ಟಬೇಕು?

ಮರಿಯ ಬೆನ್ನಿನ ಎತ್ತರಕ್ಕೆ. ಅಂದರೆ ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನಿಂದ ಎರಡು ಇಂಚು ಮೇಲೆ. ಕಂಬಕ್ಕೆ, ನಮ್ಮ ಕಣ್ಣಿನ ಎತ್ತರಕ್ಕೆ ಕಟ್ಟಿದರೆ ಅದು ನಮ್ಮ ಶಾಖ ಹೇಳುತ್ತದೆ, ಮರಿಯದ್ದಲ್ಲ. ಬಲ್ಬಿನ ನೇರ ಕೆಳಗೂ ಬೇಡ.

ಥರ್ಮಾಮೀಟರ್ ಸರಿಯಾಗೇ ತೋರಿಸ್ತಿದೆ. ಆದ್ರೂ ಮರಿ ಗುಂಪುಗಟ್ಟಿ ಕೂತಿವೆ. ಯಾಕೆ?

ಮೂರು ಕಾರಣ ಇರಬಹುದು.

ಒಂದು, ನೆಲ. ಮರಿ ಮೊದಲ ದಿನಗಳಲ್ಲಿ ಹೊಟ್ಟೆ ಊರಿ ಮಲಗಿರುವುದೇ ಹೆಚ್ಚು. ಕಾಲಿಗೆ ತುಪ್ಪಳವೂ ಇಲ್ಲ. ಸಿಮೆಂಟ್ ನೆಲ ತಣ್ಣಗಿದ್ದರೆ ಮೇಲೆ ಎಷ್ಟು ಬಲ್ಬ್ ಉರಿದರೂ ಕೆಳಗಿನಿಂದ ಶಾಖ ಸೋರುತ್ತಲೇ ಇರುತ್ತದೆ. ಮರಿಗಾಡಿ ಬರುವ ಅರ್ಧ ಗಂಟೆ ಮುಂಚೆ ಬ್ರೂಡರ್ ಹಾಕಿದರೆ ಗಾಳಿ ಬಿಸಿಯಾಗಿರುತ್ತದೆ, ನೆಲ ಆಗಿರುವುದಿಲ್ಲ. ಚಳಿಗಾಲದಲ್ಲಿ 24 ಗಂಟೆ ಮುಂಚೆಯೇ ಹಾಕಿ. ಭತ್ತದ ಹೊಟ್ಟು ಎರಡು ಮೂರು ಇಂಚು ದಪ್ಪ ಇರಲಿ, ಒಣಗಿರಲಿ. ಮರಿ ಇಳಿಸುವಾಗ ಹೊಟ್ಟಿನ ಶಾಖ 28ರಿಂದ 30 ಸೆಲ್ಸಿಯಸ್ ಆದರೂ ಇರಬೇಕು. ಅಂಗೈಯನ್ನು ಹೊಟ್ಟಿನೊಳಗೆ ನೆಲಕ್ಕೆ ತಾಗುವಂತೆ ಒಂದು ನಿಮಿಷ ಇಟ್ಟು ನೋಡಿ. ತಂಪು ಅನ್ನಿಸಿದರೆ ಮರಿಗೂ ತಂಪೇ.

ಎರಡು, ಗಾಳಿಯ ತೇವಾಂಶ. ಇದನ್ನು ಯಾರೂ ನೋಡುವುದಿಲ್ಲ. ಮೊದಲ ದಿನ ತೇವಾಂಶ ಶೇ 60ರಿಂದ 70 ಇದ್ದರೆ ಮರಿಯ ಎತ್ತರದಲ್ಲಿ 30 ಡಿಗ್ರಿ ಆಸುಪಾಸು ಸಾಕಾಗುತ್ತದೆ. ಅದೇ ತೇವಾಂಶ ಶೇ 40ಕ್ಕೆ ಇಳಿದರೆ ಅಷ್ಟೇ ಹಿತಕ್ಕೆ 36 ಹತ್ತಿರ ಬೇಕು. ಗಾಳಿ ಒಣಗಿದ್ದಷ್ಟೂ ಮರಿಯ ಉಸಿರಿನಿಂದ ನೀರು ಆವಿಯಾಗುತ್ತದೆ, ಜೊತೆಗೆ ಶಾಖವನ್ನೂ ಒಯ್ಯುತ್ತದೆ. ಮಂಗಳೂರು ಕಡೆ ಇದರ ತಲೆನೋವು ಕಮ್ಮಿ. ಚಿತ್ರದುರ್ಗ, ಬಳ್ಳಾರಿ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಗಾಳಿ ಒಣಗಿ ಹೋಗಿರುತ್ತದೆ. ಗಾರ್ಡ್ ಹೊರಗೆ ಅಗಲ ಬಾಯಿಯ ತಟ್ಟೆಗಳಲ್ಲಿ ನೀರಿಟ್ಟರೆ ಸ್ವಲ್ಪ ಅನುಕೂಲ. ಹೊಟ್ಟಿಗೆ ಮಾತ್ರ ನೀರು ಚಿಮುಕಿಸಬೇಡಿ.

ಮೂರು, ಸುಳಿಗಾಳಿ. ಪರದೆಯಲ್ಲಿ ತೂತು, ಬಾಗಿಲ ಕೆಳಗಿನ ಸಂದು. ಮಂಡಿಯೂರಿ ಕೂತು ಒದ್ದೆ ಕೈಯನ್ನು ಮರಿಯ ಎತ್ತರದಲ್ಲಿ ಆಡಿಸಿ. ಎಲ್ಲಿಂದ ಬರುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಮರಿ ನೋಡಿಯೇ ಶಾಖ ಹೇಳಬಹುದು ಅಂತಾರಲ್ಲ, ಹೇಗೆ?

ಹೇಳಬಹುದು. ನಾನಂತೂ ಮೀಟರ್‌ಗಿಂತ ಇದನ್ನೇ ನಂಬುವವನು. ಆದರೆ ಶೆಡ್ಡಿಗೆ ನುಗ್ಗಿದ ಕೂಡಲೇ ನೋಡಿದರೆ ಪ್ರಯೋಜನ ಇಲ್ಲ. ನಮ್ಮನ್ನು ಕಂಡು ಎಲ್ಲಾ ಎದ್ದು ಓಡಾಡುತ್ತವೆ. ಬಾಗಿಲ ಹತ್ತಿರ ಐದು ನಿಮಿಷ ಸದ್ದಿಲ್ಲದೆ ನಿಂತುಕೊಳ್ಳಿ. ಮೊದಲು ಕಿವಿಗೊಡಿ, ಆಮೇಲೆ ನೋಡಿ.

ಶಾಖ ಸರಿಯಿದ್ದರೆ ಗಾರ್ಡ್ ತುಂಬ ಹರಡಿಕೊಂಡಿರುತ್ತವೆ. ಕೆಲವು ತಿನ್ನುತ್ತಿರುತ್ತವೆ, ಕೆಲವು ಕುಡಿಯುತ್ತಿರುತ್ತವೆ, ಕೆಲವು ಕಾಲು ಚಾಚಿ ಮಲಗಿರುತ್ತವೆ. ಸದ್ದು ಇರುತ್ತದೆ, ಆದರೆ ಸಣ್ಣಗೆ, ಮಾತಾಡಿಕೊಳ್ಳುವ ಹಾಗೆ. ಸಂತೆಯ ದಿನ ದೂರದಿಂದ ಕೇಳುವ ಗುಜುಗುಜು ಅಂದುಕೊಳ್ಳಿ.

ಚಳಿ ಆದರೆ ಬ್ರೂಡರ್ ಕೆಳಗೆ ಒತ್ತೊತ್ತಾಗಿ ಸೇರುತ್ತವೆ. ಸದ್ದು ಬದಲಾಗುತ್ತದೆ. ಗಟ್ಟಿಯಾಗಿ, ಎಳೆದು, ಬಿಡದೆ ಕೂಗುತ್ತವೆ. ಒಂದರ ಮೇಲೊಂದು ಹತ್ತುತ್ತವೆ. ಕೆಳಗಿರುವವು ಉಸಿರುಕಟ್ಟಿ ಸಾಯುವುದು ಇಲ್ಲೇ.

ಸೆಕೆ ಆದರೆ ಇದರ ಉಲ್ಟಾ. ಬ್ರೂಡರ್ ಬಿಟ್ಟು ಗಾರ್ಡ್ ಅಂಚಿಗೆ ಹೋಗಿ ಅಂಟಿಕೊಳ್ಳುತ್ತವೆ. ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಏದುಸಿರು ಬಿಡುತ್ತವೆ. ಕೂಗು ನಿಂತುಹೋಗುತ್ತದೆ. ಹೊಸಬರು ಮೋಸ ಹೋಗುವುದು ಇಲ್ಲಿ. "ಮರಿ ತಣ್ಣಗೆ ಮಲಗಿವೆ, ಪಾಪ, ಆರಾಮಾಗಿವೆ" ಅಂದುಕೊಳ್ಳುತ್ತಾರೆ. ಹಗಲು ಹೊತ್ತು ಸದ್ದೇ ಇಲ್ಲದ ಶೆಡ್ ಅಂದರೆ ಒಳಗೆ ಹೋಗಿ ನೋಡಬೇಕು ಅಂತ ಅರ್ಥ.

ಇನ್ನು ಎಲ್ಲಾ ಮರಿ ಒಂದೇ ಬದಿಗೆ ಹೋಗಿದ್ದರೆ ಇನ್ನೊಂದು ಬದಿಯಿಂದ ಗಾಳಿ ಹೊಡೀತಿದೆ ಅಂತ. ಅಥವಾ ಒಂದು ಕಡೆ ಬೆಳಕು ತುಂಬಾ ಜಾಸ್ತಿ, ಇಲ್ಲವೇ ಒಂದು ಕಡೆ ಏನೋ ಸದ್ದಿದೆ.

ಅನುಮಾನ ಬಂದರೆ ಮರಿ ಎತ್ತಿಕೊಂಡು ಅದರ ಪಾದವನ್ನು ನಿಮ್ಮ ಕೆನ್ನೆಗೋ ಕತ್ತಿಗೋ ತಾಗಿಸಿ. ಅಂಗೈ ಬೇಡ, ಕೆಲಸ ಮಾಡಿ ಒರಟಾಗಿರುತ್ತದೆ, ಸರಿಯಾಗಿ ತಿಳಿಯುವುದಿಲ್ಲ. ಪಾದ ತಣ್ಣಗಿದ್ದರೆ ಮರಿಗೆ ಚಳಿ ಹಿಡಿದಿದೆ. ಒಂದೇ ಮರಿ ನೋಡಿ ತೀರ್ಮಾನ ಮಾಡಬೇಡಿ. ಬೇರೆ ಬೇರೆ ಜಾಗದ ಹತ್ತಿಪ್ಪತ್ತು ನೋಡಿ.

ಹಗಲೆಲ್ಲ ಚೆನ್ನಾಗಿರ್ತವೆ. ಬೆಳಗ್ಗೆ ಎದ್ದು ನೋಡಿದ್ರೆ ಸತ್ತಿರ್ತವೆ. ಏನು ರೋಗ ಇದು?

ಎಷ್ಟೋ ಸಲ ರೋಗ ಅಲ್ಲ, ಬೆಳಗಿನ ಜಾವದ ಚಳಿ. ನಮ್ಮ ಕಡೆ ಡಿಸೆಂಬರ್, ಜನವರಿಯ ರಾತ್ರಿ ಹೊರಗೆ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ತೀರಾ ತಣ್ಣಗಾಗುವುದು ನಾವು ಗಾಢ ನಿದ್ದೆಯಲ್ಲಿರುವ ಹೊತ್ತಿನಲ್ಲಿ, ನಾಲ್ಕರಿಂದ ಆರರವರೆಗೆ.

ನನ್ನ ಎರಡನೇ ಬ್ಯಾಚ್ ಡಿಸೆಂಬರ್‌ದು. ರಾತ್ರಿ ಹನ್ನೊಂದಕ್ಕೆ ನೋಡಿದಾಗ ಎಲ್ಲಾ ಸರಿಯಿತ್ತು. ಮಲಗಿದೆ. ಮಧ್ಯದಲ್ಲಿ ಯಾವಾಗಲೋ ಕರೆಂಟ್ ಹೋಗಿದೆ. ಬೆಳಗ್ಗೆ ಐದೂವರೆಗೆ ಹೋದರೆ ಒಂದು ಗಾರ್ಡ್‌ನಲ್ಲಿ ಮರಿಗಳದ್ದು ಬುಟ್ಟಿ ಬೋರಲು ಹಾಕಿದ ಹಾಗೆ ಒಂದು ಗುಡ್ಡೆ. ಮೇಲಿನವನ್ನು ಎತ್ತಿದರೆ ಕೆಳಗಿನವು ಒದ್ದೆಯಾಗಿ ಚಪ್ಪಟೆಯಾಗಿದ್ದವು. ಮೂವತ್ತಕ್ಕೂ ಜಾಸ್ತಿ ಹೋದವು. ಆದರೆ ನಿಜವಾದ ನಷ್ಟ ಆ ಮೂವತ್ತರದ್ದಲ್ಲ. ಬದುಕಿದವುಗಳಲ್ಲಿ ಅರ್ಧ ಮರಿ ಕೊನೆಯವರೆಗೂ ಮೇಲೇಳಲೇ ಇಲ್ಲ. ಲಿಫ್ಟಿಂಗ್ ದಿನ, ಅಂದರೆ ಕೋಳಿ ಮಾರಾಟಕ್ಕೆ ಒಯ್ಯುವ ದಿನ, ಒಂದೇ ಬ್ಯಾಚಿನಲ್ಲಿ ಒಂದು ಕೋಳಿ ದಪ್ಪ, ಇನ್ನೊಂದು ಸಣ್ಣ. ಅವತ್ತಿನಿಂದ ಬ್ರೂಡಿಂಗ್ ಮುಗಿಯುವವರೆಗೆ ಬೆಳಗಿನ ಮೂರೂವರೆಗೆ ಅಲಾರಂ ಇಡುತ್ತೇನೆ.

ಚಳಿಯಾದ್ರೆ ಜಾಸ್ತಿ ತಿನ್ನುತ್ತವೆ, ಒಳ್ಳೇದೇ ಅಲ್ವಾ?

ದೊಡ್ಡ ಕೋಳಿ ಜಾಸ್ತಿ ತಿನ್ನುತ್ತದೆ. ಆದರೆ ತಿಂದದ್ದು ಮಾಂಸ ಆಗುವುದಿಲ್ಲ, ಮೈ ಬೆಚ್ಚಗಿಡಲು ಉರಿದುಹೋಗುತ್ತದೆ. ಫೀಡ್ ಖರ್ಚಾಗುತ್ತದೆ, ತೂಕ ಬರುವುದಿಲ್ಲ, ಎಫ್.ಸಿ.ಆರ್. (ಒಂದು ಕಿಲೋ ತೂಕ ಬರಲು ಎಷ್ಟು ಕಿಲೋ ಫೀಡ್ ಅನ್ನುವ ಲೆಕ್ಕ) ಏರುತ್ತದೆ. ಫೀಡ್ ಸುಟ್ಟು ಶಾಖ ಮಾಡುವುದಕ್ಕಿಂತ ಇದ್ದಿಲು ಸುಡುವುದು ಅಗ್ಗ.

ಎಳೆ ಮರಿಯ ಕಥೆ ಇನ್ನೂ ಕೆಟ್ಟದ್ದು. ಅದು ಜಾಸ್ತಿ ತಿನ್ನುವುದೂ ಇಲ್ಲ. ಗುಂಪಿನೊಳಗೆ ನುಗ್ಗಿ ಕೂತರೆ ಫೀಡರ್ ಹತ್ತಿರ ಬರುವವರು ಯಾರು? ಮೊಟ್ಟೆಯ ಹಳದಿಯ ಉಳಿಕೆ ಮರಿಯ ಹೊಟ್ಟೆಯಲ್ಲಿ ಬುತ್ತಿಯ ಹಾಗೆ ಇರುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ದಿನದಲ್ಲಿ ಅದು ಕರಗಿ ಮೈಗೆ ಸೇರಬೇಕು. ಚಳಿ ಹಿಡಿದ ಮರಿಯಲ್ಲಿ ಅದು ಸರಿಯಾಗಿ ಕರಗುವುದಿಲ್ಲ. ಅಲ್ಲೇ ಉಳಿದು, ಹೊಕ್ಕುಳ ಕಡೆಯಿಂದ ಸೋಂಕು ಸೇರಿದರೆ ಕೊಳೆಯುತ್ತದೆ. ಮೊದಲ ವಾರ ಸತ್ತ ಮರಿಯನ್ನು ಡಾಕ್ಟರ್ ಕೊಯ್ದು ತೋರಿಸಿದಾಗ ಹಸಿರು ಹಳದಿ ಬಣ್ಣದ, ಕೆಟ್ಟ ವಾಸನೆಯ ಉಂಡೆ ಕಾಣುವುದು ಇದೇ.

ಮೊದಲ ವಾರ ಚೆನ್ನಾಗಿ ಹೋದರೆ 40 ಗ್ರಾಂ ಮರಿ ಏಳನೇ ದಿನಕ್ಕೆ ನಾಲ್ಕು ಪಟ್ಟಿಗಿಂತ ಜಾಸ್ತಿ ಆಗಿರಬೇಕು. ಕರುಳು ಬೆಳೆಯುವುದು, ರೋಗ ತಡೆಯುವ ಶಕ್ತಿ ಬರುವುದು ಈ ದಿನಗಳಲ್ಲೇ. ಬ್ಯಾಚ್ ಮುಗಿಯುವುದೇ ಐದಾರು ವಾರಕ್ಕೆ. ಅಷ್ಟರಲ್ಲಿ ಒಂದು ವಾರ ಕಳೆದುಕೊಂಡರೆ ಮತ್ತೆ ಸರಿಮಾಡಿಕೊಳ್ಳಲು ದಿನವೇ ಇರುವುದಿಲ್ಲ.

ಮರಿ ತಿಂದಿವೆಯೋ ಇಲ್ಲವೋ ತಿಳಿಯುವುದು ಹೇಗೆ?

ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ ಆಹಾರದ ಚೀಲ ಇದೆ. ಕ್ರಾಪ್ ಅಂತಾರೆ. ಎರಡು ಬೆರಳಲ್ಲಿ ಮೆಲ್ಲಗೆ ಮುಟ್ಟಿ. ಮೆತ್ತಗೆ, ದುಂಡಗೆ, ಗಂಜಿ ತುಂಬಿದ ಹಾಗಿದ್ದರೆ ಫೀಡೂ ನೀರೂ ಎರಡೂ ಸಿಕ್ಕಿದೆ. ಗಟ್ಟಿಯಾಗಿ ಕಾಳಿನ ಹಾಗೆ ಸಿಕ್ಕರೆ ತಿಂದಿದೆ, ನೀರು ಕುಡಿದಿಲ್ಲ. ನೀರು ತುಂಬಿದ ಬಲೂನಿನ ಹಾಗಿದ್ದರೆ ಬರೀ ನೀರು. ಮರಿ ಇಳಿಸಿದ 24 ಗಂಟೆಗೆ ನೂರಕ್ಕೆ 95 ಮರಿಗಳ ಕ್ರಾಪ್ ತುಂಬಿರಬೇಕು. ಇಲ್ಲದಿದ್ದರೆ ಫೀಡ್ ಕಂಪನಿಯನ್ನು ಬೈಯುವ ಮುಂಚೆ ಶಾಖ ನೋಡಿ.

ಮೂರು ನಾಲ್ಕು ವಾರದ ಕೋಳಿ ಹೊಟ್ಟೆಯಲ್ಲಿ ನೀರು ತುಂಬಿ ಸಾಯ್ತಿವೆ. ಅದಕ್ಕೂ ಶಾಖಕ್ಕೂ ಏನು ಸಂಬಂಧ?

ಚಳಿಯಾದಾಗ ಮೈ ಬಿಸಿ ಮಾಡಿಕೊಳ್ಳಲು ಕೋಳಿಗೆ ಆಮ್ಲಜನಕ ಜಾಸ್ತಿ ಬೇಕು. ಹೃದಯ ರಕ್ತವನ್ನು ಜೋರಾಗಿ ಶ್ವಾಸಕೋಶಕ್ಕೆ ತಳ್ಳುತ್ತದೆ. ಬ್ರಾಯ್ಲರ್‌ನ ಮೈ ಬೆಳೆದಷ್ಟು ಬೇಗ ಅದರ ಹೃದಯ, ಶ್ವಾಸಕೋಶ ಬೆಳೆದಿರುವುದಿಲ್ಲ. ಹೃದಯದ ಬಲಭಾಗ ಸೋತುಹೋಗುತ್ತದೆ, ರಕ್ತದ ನೀರಿನಂಶ ಸೋರಿ ಹೊಟ್ಟೆಯಲ್ಲಿ ನಿಲ್ಲುತ್ತದೆ. ಇದಕ್ಕೆ ಅಸೈಟಿಸ್ ಅಂತ ಹೆಸರು. ಎಳೆಯದರಲ್ಲಿ ತಿಂದ ಚಳಿಯ ಬಿಲ್ ಎಷ್ಟೋ ಸಲ ಮೂರು ವಾರ ಬಿಟ್ಟು ಬರುತ್ತದೆ. ಚಳಿಗಾಲದಲ್ಲಿ ಇದು ಜಾಸ್ತಿ ಆಗಲು ಇನ್ನೊಂದು ಕಾರಣ, ಶಾಖ ಉಳಿಯಲಿ ಅಂತ ಪರದೆ ಪೂರ್ತಿ ಮುಚ್ಚುವುದು. ಒಳಗೆ ಆಮ್ಲಜನಕವೇ ಕಮ್ಮಿಯಾಗುತ್ತದೆ.

ಹಾಗಾದ್ರೆ ಚಳಿಗೆ ಪರದೆ ಮುಚ್ಚಲೇಬಾರದಾ?

ಮುಚ್ಚಿ, ಮೇಲ್ಗಡೆ ಒಂದು ಅಡಿಯಷ್ಟು ಬಿಟ್ಟು ಮುಚ್ಚಿ. ಪರದೆ ಕೆಳಗಿನಿಂದ ಮೇಲಕ್ಕೆ ಏರುವ ಹಾಗಿರಬೇಕು. ಆಗ ಮರಿಯ ಮೈಗೆ ಗಾಳಿ ಹೊಡೆಯುವುದಿಲ್ಲ, ಕೆಟ್ಟ ಗಾಳಿ ಮೇಲಿಂದ ಹೋಗುತ್ತದೆ. ಒಳಗೆ ಕೂತಾಗ ಕಣ್ಣು ಉರಿದರೆ ನೆಲದ ಹಿಕ್ಕೆಯಿಂದ ಏಳುವ ಅಮೋನಿಯ ಜಾಸ್ತಿ ಆಗಿದೆ. ಮರಿಯ ಕಣ್ಣು ನಮ್ಮದಕ್ಕಿಂತ ನೆಲಕ್ಕೆ ಹತ್ತಿರ.

ಬಲ್ಬ್, ಗ್ಯಾಸ್, ಇದ್ದಿಲು: ಯಾವುದು ಒಳ್ಳೇದು?

ಬಲ್ಬ್ ಸುಲಭ. ಮರಿಗೆ ಬೇಸಿಗೆಯಲ್ಲಿ ಒಂದು ವ್ಯಾಟ್, ಚಳಿಗಾಲದಲ್ಲಿ ಎರಡು ವ್ಯಾಟ್ ಲೆಕ್ಕ. 250 ಮರಿಗೆ ಒಂದು ಬ್ರೂಡರ್ ಅಂದರೆ ಚಳಿಗಾಲಕ್ಕೆ 100 ವ್ಯಾಟಿನ ಐದು ಬಲ್ಬ್. ಇಲ್ಲಿ ಎಲ್‌ಇಡಿ ಹಾಕಿ ಕರೆಂಟ್ ಉಳಿಸಲು ಹೋಗಬೇಡಿ. ನಮಗೆ ಬೇಕಾಗಿರುವುದು ಬೆಳಕಲ್ಲ, ಹಳೇ ಬಲ್ಬ್ ಸುಮ್ನೆ ಪೋಲು ಮಾಡುತ್ತಿದ್ದ ಆ ಶಾಖವೇ. ಬಲ್ಬಿನ ತೊಂದರೆ ಒಂದೇ, ಕರೆಂಟ್ ನಂಬುವ ಹಾಗಿಲ್ಲ.

ಗ್ಯಾಸ್ ಬ್ರೂಡರ್ ಶಾಖ ಸಮ ಕೊಡುತ್ತದೆ, ಖರ್ಚು ಜಾಸ್ತಿ. ಇದ್ದಿಲು ಅಗ್ಗ, ಕರೆಂಟ್ ಹಂಗಿಲ್ಲ. ಆದರೆ ಇದ್ದಿಲು ಒಳಗೇ ಹೊಗೆಯಾಡಬಾರದು. ಹೊರಗೆ ಕೆಂಡ ಮಾಡಿಕೊಂಡು ಒಳಗೆ ತನ್ನಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಶೆಡ್‌ನಲ್ಲಿ ಅದು ಮರಿಯನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ.

ಬೇಸಿಗೆಯಲ್ಲಿ ಬ್ರೂಡಿಂಗ್ ಬೇಡ ಅಲ್ವಾ?

ಊರಿನ ಮೇಲೆ ಹೋಗುತ್ತದೆ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ಮಧ್ಯಾಹ್ನ ಹೊರಗೇ 40 ದಾಟಿರುತ್ತದೆ. ಅಲ್ಲಿ ಹಗಲು ಬ್ರೂಡರ್ ಹಾಕುವುದಿರಲಿ, ಶೆಡ್ ತಂಪು ಮಾಡಲು ಒದ್ದಾಡಬೇಕು. ಆದರೆ ಬೆಳಗಿನ ಜಾವಕ್ಕೆ ಅಲ್ಲೂ ಎಳೆ ಮರಿಗೆ ಸ್ವಲ್ಪ ಬೇಕಾಗಬಹುದು. ಮರಿಯನ್ನೇ ಕೇಳಿ.

ಸೆಕೆ ಜಾಸ್ತಿಯಾದರೆ ಏನಾಗುತ್ತದೆ ಅಂದರೆ, ಕೋಳಿಗೆ ಬೆವರುವ ಗ್ರಂಥಿಯೇ ಇಲ್ಲ. ಏದುಸಿರು ಬಿಟ್ಟು ನೀರು ಆವಿ ಮಾಡಿಯೇ ಮೈ ತಂಪು ಮಾಡಿಕೊಳ್ಳಬೇಕು. 40 ಗ್ರಾಂ ಮರಿಯಲ್ಲಿ ಎಷ್ಟು ನೀರಿರುತ್ತದೆ? ಬೇಗ ಒಣಗುತ್ತದೆ. ಕಾಲಿನ ಚರ್ಮ ಸುಕ್ಕಾಗುತ್ತದೆ, ನರಗಳು ಎದ್ದು ಕಾಣುತ್ತವೆ. ಹಿಂಭಾಗದಲ್ಲಿ ಹಿಕ್ಕೆ ಅಂಟಿ ಗಟ್ಟಿಯಾಗುತ್ತದೆ. ತಿನ್ನುವುದು ಬಿಡುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಅಂದರೆ ಚಳಿ ತಿಂದ ಮರಿಯೂ, ಸೆಕೆ ತಿಂದ ಮರಿಯೂ ಏಳನೇ ದಿನ ತಕ್ಕಡಿಯಲ್ಲಿ ಒಂದೇ ತರಹ ಕಾಣುತ್ತವೆ. ಯಾವುದರಿಂದ ಆಯಿತು ಅಂತ ಆಮೇಲೆ ಹೇಳುವುದು ಕಷ್ಟ.

ಗಾರ್ಡ್ ಅಗಲ ಮಾಡಿ. ಬ್ರೂಡರ್ ಅಂಚಿನಿಂದ ಮೂರು ಅಡಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಓಡಿಹೋಗಲು ಜಾಗ ಇರುತ್ತದೆ. ಡ್ರಿಂಕರ್ ಜಾಸ್ತಿ ಇಡಿ. ಚಾವಣಿಯ ಮೇಲೆ ತೆಂಗಿನ ಗರಿ ಹಾಕಿ, ಇಲ್ಲವೇ ಸುಣ್ಣ ಬಳಿಯಿರಿ.

ಮರಿ ಬಂದ ಕೂಡಲೇ ತಣ್ಣೀರು ಕೊಡಬಹುದಾ?

ಬಾವಿಯಿಂದ ಆಗ ಸೇದಿದ್ದು, ರಾತ್ರಿಯೆಲ್ಲ ಟ್ಯಾಂಕಿನಲ್ಲಿ ತಣ್ಣಗಾದದ್ದು ಬೇಡ. ಡ್ರಿಂಕರ್‌ಗಳನ್ನು ಮೊದಲೇ ತುಂಬಿ ಬ್ರೂಡರ್ ಹತ್ತಿರ ಇಟ್ಟರೆ ಮರಿ ಬರುವಷ್ಟರಲ್ಲಿ ನೀರಿನ ಚಳಿ ಬಿಟ್ಟಿರುತ್ತದೆ. ಬ್ರೂಡರ್‌ನ ನೇರ ಕೆಳಗೆ ಇಡಬೇಡಿ, ನೀರು ಕಾಯುತ್ತದೆ, ಮರಿ ಕುಡಿಯುವುದಿಲ್ಲ. ದೂರದಿಂದ ಬಂದ ಮರಿಗೆ ಮೊದಲ ಕೆಲವು ಗಂಟೆ ಬೆಲ್ಲದ ನೀರು ಕೊಡುವ ರೂಢಿ ಇದೆ, ತಪ್ಪಿಲ್ಲ. ದಿನಗಟ್ಟಲೆ ಕೊಟ್ಟರೆ ಹಿಕ್ಕೆ ನೀರಾಗಿ ಹೊಟ್ಟು ಒದ್ದೆಯಾಗುತ್ತದೆ.

ಈ ಸಲ ಮರಿ ತೀರಾ ಸಣ್ಣ ಬಂದಿವೆ. ಶಾಖ ಅಷ್ಟೇ ಸಾಕಾ?

ಹೊಸದಾಗಿ ಮೊಟ್ಟೆ ಇಡಲು ಶುರು ಮಾಡಿದ ತಾಯಿ ಕೋಳಿಗಳ ಮರಿ ಸಣ್ಣ ಇರುತ್ತವೆ. ಅವಕ್ಕೆ ಒಂದೆರಡು ಡಿಗ್ರಿ ಜಾಸ್ತಿ ಬೇಕು. ಸಾಧ್ಯವಾದರೆ ಬೇರೆ ಗಾರ್ಡ್‌ನಲ್ಲಿ ಇಡಿ.

ಎಳೆಯದರಲ್ಲೇ ಬಿಸಿಗೆ ಒಗ್ಗಿಸಿದರೆ ಬೇಸಿಗೆ ತಡೆಯುತ್ತವೆ ಅಂತ ಕೇಳಿದೆ. ನಿಜವಾ?

ಇಸ್ರೇಲಿನ ವಿಜ್ಞಾನಿಗಳು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಮೂರರಿಂದ ಐದನೇ ದಿನದೊಳಗೆ ಒಂದು ದಿನದ ಮಟ್ಟಿಗೆ 36ರಿಂದ 38 ಡಿಗ್ರಿಯಲ್ಲಿ ಇಟ್ಟ ಮರಿಗಳು ದೊಡ್ಡದಾದ ಮೇಲೆ ಬಿಸಿಯನ್ನು ಚೆನ್ನಾಗಿ ತಡೆದಿವೆ. ಆದರೆ ಅದು ಗಾಳಿ, ತೇವಾಂಶ ಎಲ್ಲವನ್ನೂ ಅಳೆದು ಹಿಡಿದಿಟ್ಟ ಕೋಣೆಯ ಮಾತು. ನಮ್ಮ ಪರದೆ ಶೆಡ್‌ನಲ್ಲಿ 38 ಅಂದುಕೊಂಡದ್ದು ಯಾವಾಗ 42 ಆಯಿತು ಅಂತ ಗೊತ್ತಾಗುವುದಿಲ್ಲ. ನಾನು ಮಾಡಿಲ್ಲ, ಮಾಡಿ ಅಂತಲೂ ಹೇಳುವುದಿಲ್ಲ.

ಗಾರ್ಡ್ ಯಾವಾಗ ತೆಗೆಯಬೇಕು?

ಮೂರನೇ ದಿನದಿಂದ ಸ್ವಲ್ಪ ಸ್ವಲ್ಪ ಅಗಲ ಮಾಡುತ್ತಾ ಏಳರಿಂದ ಹತ್ತನೇ ದಿನಕ್ಕೆ ತೆಗೆಯಬಹುದು. ಚಳಿಗಾಲದಲ್ಲಿ ಎರಡು ದಿನ ತಡವಾದರೂ ಪರವಾಗಿಲ್ಲ. ತೆಗೆದ ಮೇಲೆ ಶೆಡ್ಡಿನ ಮೂಲೆಗಳಿಗೆ ತಗಡೋ ರಟ್ಟೋ ಅಡ್ಡ ಕೊಟ್ಟು ದುಂಡಗೆ ಮಾಡಿ. ಮೂಲೆ ಸಿಕ್ಕಿದರೆ ಅಲ್ಲೇ ಒತ್ತಿಕೊಂಡು ಸಾಯುತ್ತವೆ.

ಇದನ್ನೆಲ್ಲ ಎಲ್ಲಾದರೂ ಕಲಿಸುತ್ತಾರಾ?

ಬೆಂಗಳೂರು ಹತ್ತಿರ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಿ. ಶೆಡ್ ಕಟ್ಟುವ ಮುಂಚೆಯೇ ಹೋಗಿಬನ್ನಿ.

ಮರಿ ಬಂದ ರಾತ್ರಿ ಶೆಡ್‌ನಲ್ಲೇ ಮಲಗಬೇಕಾ?

ಮೊದಲ ಮೂರು ರಾತ್ರಿ, ಹೌದು. ಮನೆಯವರು ಬೈದರೂ ಸರಿ. ಮಂಚವನ್ನು ಇದ್ದಿಲು ಇರುವ ಕಡೆ ಹಾಕಬೇಡಿ, ಬಾಗಿಲ ಹೊರಗೆ ಜಗುಲಿಯಲ್ಲಿ ಹಾಕಿ. ಮರಿಯ ಸದ್ದು ಕೇಳುವಷ್ಟು ಹತ್ತಿರ ಇದ್ದರೆ ಸಾಕು. ಎರಡನೇ ರಾತ್ರಿಗೆ ನಿಮ್ಮ ಕಿವಿಗೆ ಅಭ್ಯಾಸ ಆಗಿರುತ್ತದೆ. ಕೂಗು ಬದಲಾದ ಕೂಡಲೇ ಎಚ್ಚರ ಆಗುತ್ತದೆ, ಮಗು ಅತ್ತರೆ ಆಗುತ್ತದಲ್ಲ, ಹಾಗೆ.